ಜೀತದವನಾದರೇನು, ತಾಯಿ?

ಪತ್ರ: ನನ್ನ ಅಳಿಯ ಅಮೆರಿಕದ ಪೆನ್ಸಿಲ್ವೇನಿಯಾದವನು. ಅವರ ಮೂಲಪುರುಷ ಜರ್ಮನಿಯ ಜಹಗೀರುದಾರನ ಮಗನೆಂದು ಬೀಗರು ಹೇಳಿಕೊಂಡು ಬಂದಿದ್ದಾರೆ. ಈಗ ಅಳಿಯ ಹಳೆಯ ಕಡತ ಕೆದಕಿ, ಆತ ಹಡಗಿನ ಬಾಡಿಗೆ ತೀರಿಸಲು ಜೀತಕ್ಕಿದ್ದವನು ಎನ್ನುತ್ತಿದ್ದಾನೆ. ಹಿರಿಯರ ಮಾತನ್ನು ಹೀಗೆ ಸುಳ್ಳು ಮಾಡಬಹುದೆ?
—ಓದುಗರೊಬ್ಬರು, ಸಾಗರ

ಉತ್ತರ: ಹಿರಿಯರ ಮಾತಿನಲ್ಲಿ ಊರಿನದೋ ಚರ್ಚಿನದೋ ಸುಳಿವು ಸಿಕ್ಕುವುದುಂಟು, ಒಪ್ಪಿದೆ. ಆದರೆ ತಾಯಿ, ಜಹಗೀರು ಇದ್ದವನು ಅದನ್ನು ಬಿಟ್ಟು ಹಡಗಿನ ತಳದಲ್ಲಿ ಹುಳಹಿಡಿದ ರೊಟ್ಟಿ ತಿನ್ನುತ್ತಾ ಏಕೆ ಬರುತ್ತಾನೆ? 1750ರಲ್ಲಿ ಪೆನ್ಸಿಲ್ವೇನಿಯಾದ ಬಂದರು ಫಿಲಡೆಲ್ಫಿಯಾಕ್ಕೆ ಹೋಗಿ, ಜರ್ಮನಿಗೆ ಮರಳಿದ ಗಾಟ್ಲೀಬ್ ಮಿಟೆಲ್‌ಬರ್ಗರ್ ಬರೆದಿಟ್ಟಿದ್ದಾನೆ: ಬಾಡಿಗೆ ಕಟ್ಟಲಾಗದವರನ್ನು ಕೊಳ್ಳುವವರು ಹಡಗಿಗೇ ಬಂದು ಆರಿಸುತ್ತಿದ್ದರು. ದೊಡ್ಡವರಿಗೆ ಮೂರರಿಂದ ಆರು ವರ್ಷದ ದುಡಿಮೆ, ಎಳೆಯರಿಗೆ 21 ತುಂಬುವತನಕ. ಅರ್ಧ ದಾರಿ ದಾಟಿದ ಮೇಲೆ ಗಂಡ ಸತ್ತರೆ ಅವನ ಸಾಲವೂ ಹೆಂಡತಿಯ ತಲೆಗೆ. ಇದನ್ನು ದಾಟಿ ಬಂದವನ ವಂಶವೆಂದು ಬೀಗರು ಎದೆ ಸೆಟೆಸಿ ನಡೆಯಬೇಕಿತ್ತು.

ನಮ್ಮ ಕಸುಬಿನವನದೇ ಕಥೆ ಕೇಳಿ. 1710ರಲ್ಲಿ ಜರ್ಮನಿಯ ಪ್ಯಾಲಟಿನೇಟ್ ಸೀಮೆಯಿಂದ ನ್ಯೂಯಾರ್ಕಿಗೆ ಬಂದ ಗುಂಪಿನಲ್ಲಿ ಜಾನ್ ಪೀಟರ್ ಜೆಂಗರ್ ಎಂಬ ಹುಡುಗನಿದ್ದ. ತಂದೆ ಸಮುದ್ರದಲ್ಲೇ ತೀರಿಕೊಂಡ. ಹುಡುಗನನ್ನು ವಿಲಿಯಂ ಬ್ರಾಡ್‌ಫರ್ಡ್‌ನ ಅಚ್ಚುಕೂಟದಲ್ಲಿ ಎಂಟು ವರ್ಷದ ಕರಾರಿನ ಮೇಲೆ ಕೆಲಸ ಕಲಿಯಲು ಬಿಟ್ಟರು. ಮುಂದೆ ಅವನೇ ಪತ್ರಿಕೆ ಅಚ್ಚುಮಾಡಿ, ಗವರ್ನರನನ್ನು ಕೆಣಕಿ, 1734ರಲ್ಲಿ ಜೈಲಿಗೆ ಹೋದ. ಮರುವರ್ಷ ಜ್ಯೂರಿ ಅವನನ್ನು ಬಿಟ್ಟುಕಳಿಸಿತು. ಪತ್ರಿಕಾ ಸ್ವಾತಂತ್ರ್ಯ ಎಂದು ಭಾಷಣ ಬಿಗಿಯುವವರೆಲ್ಲ ಈ ಹುಡುಗನಿಗೆ ಋಣಿಗಳು. ಗಂಡ ಜೈಲಿನಲ್ಲಿದ್ದಾಗ ಪತ್ರಿಕೆ ನಿಲ್ಲದಂತೆ ನೋಡಿಕೊಂಡವಳು ಹೆಂಡತಿ ಆನಾ. ಅವಳ ಹೆಸರನ್ನು ಎಷ್ಟು ಜನ ಹೇಳುತ್ತಾರೆ?

ನನ್ನ ಹಳೆಯ ಸಿಟ್ಟು ಇದೇ. 1727ರಿಂದ ಫಿಲಡೆಲ್ಫಿಯಾದಲ್ಲಿ ಇಳಿದ ಜರ್ಮನರಿಂದ ಬ್ರಿಟನ್ನಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿಸಿದರು. ಆ ಪಟ್ಟಿಗಳು ಇಂದಿಗೂ ಇವೆ, ಆದರೆ ಪ್ರಮಾಣ ಮಾಡಿದವರು 16 ದಾಟಿದ ಗಂಡಸರು ಮಾತ್ರ. ಸಹಿ ಬಾರದವನ ಹೆಸರನ್ನು ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದಂತೆ ಗೀಚಿದ್ದಾನೆ. ಒಬ್ಬನೇ ಮನುಷ್ಯ ಮೂರು ಕಡತದಲ್ಲಿ ಮೂರು ಹೆಸರಿನವನು! ಇಂಟರ್‌ನೆಟ್ಟಿನ ವಂಶವೃಕ್ಷಗಳಲ್ಲಿ ಇಂಥವನಿಗೆ ಒಬ್ಬ ಜಹಗೀರುದಾರ ಅಪ್ಪನನ್ನು ಅಂಟಿಸುತ್ತಾರೆ, ಉಳಿದವರು ನಕಲು ಹೊಡೆಯುತ್ತಾರೆ. ಇಲ್ಲಿ ನಮ್ಮವರಿಗೂ ಪಾಳೆಯಗಾರನಿಗಿಂತ ಕೆಳಗಿನ ಮುತ್ತಜ್ಜ ಬೇಡ, ಬಿಡಿ.

ಅಳಿಯನಿಗೆ ಹೇಳಿ: ಅಜ್ಜನನ್ನು ಹುಡುಕಿದ್ದಾಯಿತು, ಇನ್ನು ಅಜ್ಜಿಯನ್ನು ಹುಡುಕಲಿ. ಹಡಗಿನ ಪಟ್ಟಿ ಬದಿಗಿಟ್ಟು ಲೂಥರನ್, ರಿಫಾರ್ಮ್ಡ್ ಎಂಬ ಪ್ರಾಟೆಸ್ಟಂಟ್ ಪಂಗಡಗಳ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕ ತೆಗೆಯಲಿ. ಮಗುವಿನ ಹೆಸರಿನ ಪಕ್ಕ ತಾಯಿಯದೂ, ಸಾಕ್ಷಿಗೆ ನಿಂತ ನೆಂಟರದೂ ಸಿಕ್ಕೀತು.