ಓದುಗರ ಪ್ರಶ್ನೆ: ಫ್ರೆಂಚ್ ಮಾತಾಡುವ ಸಂಸದರೆಲ್ಲ ಸೇರಿ ಏನು ಮಾಡುತ್ತಾರೆ?

2025ರ ಮಾರ್ಚ್‌ನಲ್ಲಿ ನೈಜರ್, ಬುರ್ಕಿನಾ ಫಾಸೊ, ಮಾಲಿ ಮೂರೂ ದೇಶಗಳು ಫ್ರೆಂಚ್ ಭಾಷಿಕ ದೇಶಗಳ ಒಕ್ಕೂಟವಾದ ಫ್ರಾಂಕೊಫೊನಿಯಿಂದ ಹೊರಬರುವುದಾಗಿ ಹೇಳಿದವು. ಅದರ ಬಗ್ಗೆ ಹಿಂದೊಮ್ಮೆ ಇಲ್ಲಿ ಎರಡು ಸಾಲು ಬರೆದಿದ್ದೆ. ಪ್ರಶ್ನೆಗಳು ಬರುತ್ತಲೇ ಇವೆ, ಅದರಲ್ಲೂ ಈ ದೇಶಗಳ ಸಂಸದರು ಸೇರುವ ಸಭೆಯ ಬಗ್ಗೆ. ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ವಿದೇಶಾಂಗ ಮಂತ್ರಿ ಇದ್ದಾರೆ, ರಾಯಭಾರಿಗಳಿದ್ದಾರೆ. ನಡುವೆ ಸಂಸದರಿಗೆ ಏನು ಕೆಲಸ?

ರಾಯಭಾರಿ ಮಾತಾಡುವುದು ಸರ್ಕಾರದ ಮಾತು. ತನ್ನ ಮನಸ್ಸಿನಲ್ಲಿ ಬೇರೆ ಏನೇ ಇದ್ದರೂ ಹೇಳುವ ಹಾಗಿಲ್ಲ. ಸಂಸದರಿಗೆ ಆ ಕಟ್ಟು ಇಲ್ಲ. ಜೊತೆಗೆ ಸಂಸದರ ನಿಯೋಗ ಅಂದರೆ ಅದರಲ್ಲಿ ಆಡಳಿತ ಪಕ್ಷದವರೂ ಇರುತ್ತಾರೆ, ವಿರೋಧ ಪಕ್ಷದವರೂ ಇರುತ್ತಾರೆ. ಒಂದು ದೇಶದ ಒಳಗಿನ ಜಗಳ ಏನು ಅಂತ ಇನ್ನೊಂದು ದೇಶದವರಿಗೆ ನೇರವಾಗಿ ಗೊತ್ತಾಗುವುದು ಇಂಥ ಕಡೆಯೇ.

ಈ ಯೋಚನೆ ಹೊಸದಲ್ಲ. ಫ್ರಾನ್ಸಿನ ಫ್ರೆಡರಿಕ್ ಪಾಸಿ ಮತ್ತು ಇಂಗ್ಲೆಂಡಿನ ವಿಲಿಯಂ ರ‍್ಯಾಂಡಲ್ ಕ್ರೀಮರ್ ಅನ್ನುವ ಇಬ್ಬರು ಸಂಸದರು ಸೇರಿ 1889ರಲ್ಲೇ ಅಂತರ ಸಂಸದೀಯ ಒಕ್ಕೂಟ ಕಟ್ಟಿದರು. ಯುದ್ಧಗಳನ್ನು ಮಾತುಕತೆಯಿಂದ ತಡೆಯಬಹುದು ಅನ್ನುವ ನಂಬಿಕೆ ಅವರದು. ಮೊದಲ ಶಾಂತಿ ನೊಬೆಲ್ ಪಡೆದ ಇಬ್ಬರಲ್ಲಿ ಪಾಸಿ ಒಬ್ಬರು. ಫ್ರೆಂಚ್ ಭಾಷಿಕ ಸಂಸದರು ತಮ್ಮದೇ ಸಂಘ ಕಟ್ಟಿಕೊಂಡಿದ್ದು 1967ರ ಮೇ ತಿಂಗಳಲ್ಲಿ, ಲಕ್ಸೆಂಬರ್ಗ್‌ನಲ್ಲಿ. ಈಗ ಅದರ ಹೆಸರು ಫ್ರಾಂಕೊಫೊನಿ ಸಂಸದೀಯ ಸಭೆ, ಕಚೇರಿ ಪ್ಯಾರಿಸ್‌ನಲ್ಲಿ. ಗಮನಿಸಿ, ಸರ್ಕಾರಗಳು ಸೇರಿ ಒಕ್ಕೂಟ ಮಾಡಿಕೊಂಡಿದ್ದು 1970ರಲ್ಲಿ. ಸಂಸದರೇ ಮೂರು ವರ್ಷ ಮುಂದಿದ್ದರು!

ಕೆಲಸ ಅಂದರೆ ಭಾಷಣ ಮಾತ್ರ ಅಲ್ಲ. ಚುನಾವಣೆ ನಡೆಯುವಲ್ಲಿಗೆ ವೀಕ್ಷಕರನ್ನು ಕಳಿಸುತ್ತಾರೆ. ಸಂಸದರಿಗೂ ಸಂಸತ್ತಿನ ಸಿಬ್ಬಂದಿಗೂ ತರಬೇತಿ ಕೊಡುತ್ತಾರೆ. ನನಗೆ ಇದೇ ಜಾಸ್ತಿ ಮುಖ್ಯ ಅನಿಸುತ್ತದೆ. ಮೊದಲ ಸಲ ಗೆದ್ದು ಬಂದ ಸಂಸದೆಗೆ ದಪ್ಪ ಬಜೆಟ್ ಪುಸ್ತಕ ಕೈಗೆ ಕೊಟ್ಟು ನಾಳೆ ಚರ್ಚೆ ಅಂದರೆ ಎಲ್ಲಿಂದ ಓದಬೇಕು ಅಂತ ಹೇಳಿಕೊಡುವವರು ಬೇಕಲ್ವಾ? ಅದನ್ನು ಅದೇ ಭಾಷೆಯಲ್ಲಿ, ಅಂಥದೇ ಪುಸ್ತಕ ಹತ್ತು ಸಲ ಓದಿರುವ ಇನ್ನೊಬ್ಬ ಸಂಸದರು ಹೇಳಿಕೊಟ್ಟರೆ ಅದರ ತೂಕವೇ ಬೇರೆ.

ಪ್ರಶ್ನೆ: ಇವರು ಮಾಡುವ ಠರಾವು ಯಾರನ್ನೂ ಕಟ್ಟಿಹಾಕುವುದಿಲ್ಲವಂತೆ. ಹಾಗಾದರೆ ಸುಮ್ನೆ ಕಾಗದ ಅಲ್ಲವೇ?

ಕಟ್ಟಿಹಾಕುವುದಿಲ್ಲ, ನಿಜ. ಒಕ್ಕೂಟದ ನಿಯಮದಲ್ಲೇ ಇದು ಸಲಹಾ ಸಭೆ. ಆದರೆ ಕಾಗದ ಹೇಗೆ ಹುಟ್ಟುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡಿ.

ಫ್ರೆಂಚ್ ರೂಢಿಯಲ್ಲಿ ಇಡೀ ಠರಾವು ಒಂದೇ ವಾಕ್ಯ. ಎರಡು ಪುಟ ಇದ್ದರೂ ಒಂದೇ ವಾಕ್ಯ. ಮೊದಲು 'ಇಂಥ ಕಡೆ ಸೇರಿದ ಈ ಸಭೆಯು' ಅಂತ ಶುರು. ಆಮೇಲೆ 'ಇದನ್ನು ಪರಿಗಣಿಸಿ, ಅದನ್ನು ನೆನಪಿಸಿಕೊಂಡು' ಅಂತ ಸಾಲು ಸಾಲು, ಪ್ರತಿ ಸಾಲಿನ ಕೊನೆಗೂ ಅರ್ಧವಿರಾಮ. ಕೊನೆಯ ಭಾಗದಲ್ಲಿ ಕ್ರಿಯಾಪದಗಳು ಬರುತ್ತವೆ. ನಿಜವಾದ ಜಗ್ಗಾಟ ಅಲ್ಲಿ. 'ಕೊಂದಾನ್' ಅಂತ ಹಾಕಿದರೆ ಖಂಡಿಸುತ್ತದೆ ಅಂತ ಅರ್ಥ. 'ದೆಪ್ಲೋರ್' ಅಂದರೆ ವಿಷಾದಿಸುತ್ತದೆ. ಹೆಸರು ಬಂದಿರುವ ದೇಶದ ಸಂಸದರಿಗೆ ಮೊದಲನೆಯದು ಬೇಡ, ಎರಡನೆಯದು ಸಾಕು. ಇನ್ನೊಂದು ಕಡೆಯವರಿಗೆ ಎರಡನೆಯದು ಸಾಲದು. ಈ ಒಂದು ಪದಕ್ಕೆ ಎಷ್ಟು ಹೊತ್ತು ಕೂತರೂ ಅದು ದಂಡ ಅಲ್ಲ. ಯಾಕೆಂದರೆ ಎಲ್ಲರೂ ಒಂದೇ ಭಾಷೆಯಲ್ಲಿ ಜಗಳ ಆಡುತ್ತಿದ್ದಾರೆ. ದುಭಾಷಿ ತಪ್ಪು ಹೇಳಿದರು, ನಮಗೆ ಹಾಗೆ ಕೇಳಿಸಿತು ಅನ್ನುವ ನೆಪಕ್ಕೆ ಜಾಗವೇ ಇಲ್ಲ. ಒಪ್ಪಿದ ಪದ ಒಪ್ಪಿದ್ದೇ.

ಅದನ್ನು ಹಿಡಿದುಕೊಂಡು ವಿರೋಧ ಪಕ್ಷದ ಒಬ್ಬ ಸಂಸದ ಊರಿಗೆ ಹೋಗಿ ತನ್ನ ಸದನದಲ್ಲಿ ಎದ್ದು ನಿಂತು, 'ಅಲ್ಲಿ ನಿಮ್ಮ ಪಕ್ಷದವರೂ ಇದಕ್ಕೆ ಕೈ ಎತ್ತಿದ್ದಾರಲ್ಲ, ಇಲ್ಲಿ ಯಾಕೆ ಆಗುವುದಿಲ್ಲ' ಅಂತ ಕೇಳಬಹುದು. ಠರಾವಿನ ಬೆಲೆ ಅಷ್ಟು. ಅದು ಕಡಿಮೆ ಅಂತ ನಾನು ಒಪ್ಪುವುದಿಲ್ಲ.

ಪ್ರಶ್ನೆ: ಎಲ್ಲರ ಫ್ರೆಂಚೂ ಒಂದೇನಾ?

ಇಲ್ಲ! ಎಪ್ಪತ್ತು ಅನ್ನಲು ಫ್ರಾನ್ಸಿನವರು 'ಅರವತ್ತು-ಹತ್ತು' ಅನ್ನುತ್ತಾರೆ, ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನವರು 'ಸೆಪ್ತಾಂತ್' ಅನ್ನುತ್ತಾರೆ. ಇಮೇಲ್‌ಗೆ 'ಕೂರಿಯೆಲ್' ಅನ್ನುವ ಪದವನ್ನು ಬಳಕೆಗೆ ತಂದಿದ್ದು ಕೆನಡಾದ ಕ್ವಿಬೆಕ್. ಅದನ್ನು ಫ್ರಾನ್ಸ್ ಸರ್ಕಾರ 2003ರಲ್ಲಿ ತನ್ನ ಕಚೇರಿಗಳಿಗೆ ತಂದಿತು.

ಮಹಿಳೆಯರ ಹುದ್ದೆಯ ಹೆಸರಿನ ಕಥೆ ಇನ್ನೂ ದೊಡ್ಡದು. ಹುದ್ದೆಗಳಿಗೆ ಸ್ತ್ರೀಲಿಂಗ ರೂಪ ಬಳಸಿ ಅಂತ ಕ್ವಿಬೆಕ್‌ನ ಭಾಷಾ ಕಚೇರಿ 1979ರಲ್ಲೇ ಹೇಳಿತು. ಪ್ಯಾರಿಸ್‌ನ ಫ್ರೆಂಚ್ ಅಕಾಡೆಮಿ ಒಪ್ಪಿದ್ದು 2019ರಲ್ಲಿ, 40 ವರ್ಷ ಆದಮೇಲೆ. ನಡುವೆ 2014ರಲ್ಲಿ ಫ್ರಾನ್ಸಿನ ಸದನದಲ್ಲಿ ಒಬ್ಬ ಸಂಸದ, ಪೀಠದಲ್ಲಿದ್ದ ಮಹಿಳೆಯನ್ನು ಪುಲ್ಲಿಂಗದಲ್ಲೇ 'ಮದಾಮ್ ಲ ಪ್ರೆಸಿದಾಂ' ಅಂತ ಮತ್ತೆ ಮತ್ತೆ ಕರೆದರು. ಸ್ತ್ರೀಲಿಂಗ ಬಳಸಿ ಅಂತ ಅವರು ಹೇಳಿದರೂ ಕೇಳಲಿಲ್ಲ. ತಿಂಗಳ ಭತ್ಯೆಯಲ್ಲಿ ಕಾಲು ಭಾಗ, 1,378 ಯೂರೊ, ಕಡಿತವಾಯಿತು. ಪ್ಯಾರಿಸ್ ಕಲಿಸುವುದು, ಉಳಿದವರು ಕಲಿಯುವುದು ಅಂತ ಅಂದುಕೊಂಡವರಿಗೆ ಈ 40 ವರ್ಷದ ಲೆಕ್ಕ ಹೇಳಬೇಕು.

ಪ್ರಶ್ನೆ: ಇದು ಫ್ರಾನ್ಸಿನ ಹಳೇ ಸಾಮ್ರಾಜ್ಯವೇ ಬೇರೆ ಹೆಸರಿನಲ್ಲಿ ಬಂದಿದ್ದು ಅಂತ ಓದಿದೆ. ನಿಮ್ಮ ಅಭಿಪ್ರಾಯ?

ಅರ್ಧ ನಿಜ. ಫ್ರಾಂಕೊಫೊನಿ ಅನ್ನುವ ಪದ ಹುಟ್ಟಿಸಿದ ಭೂಗೋಳಜ್ಞ ಒನೆಸಿಮ್ ರೆಕ್ಲೂ 1880ರ ಕಾಲದವರು, ವಸಾಹತುಗಳ ಪರ ಇದ್ದವರು. ಆ ನೆರಳು ಅಳಿಸಿ ಹೋಗಿಲ್ಲ. ಅಷ್ಟೊಂದು ಜನ ಫ್ರೆಂಚ್ ಮಾತಾಡುವ ಅಲ್ಜೀರಿಯಾ ಈ ಒಕ್ಕೂಟದಲ್ಲಿ ಇಲ್ಲ. ಎಂಥ ಯುದ್ಧ ನಡೆದು ಆ ದೇಶ ಬಿಡುಗಡೆಯಾಯಿತು ಅಂತ ಗೊತ್ತಿದ್ದರೆ ಯಾಕೆ ಅಂತ ಕೇಳಬೇಕಾಗಿಲ್ಲ. 1804ರಲ್ಲೇ ಸ್ವತಂತ್ರವಾದ ಹೈಟಿಯ ಮೇಲೆ ಫ್ರಾನ್ಸ್ 1825ರಲ್ಲಿ 15 ಕೋಟಿ ಫ್ರಾಂಕ್ ಪರಿಹಾರ ಹೇರಿತು. ಗುಲಾಮರಾಗಿದ್ದವರೇ ಮಾಲೀಕರಿಗೆ ನಷ್ಟ ತುಂಬಿಕೊಡಬೇಕಾಯಿತು. ಮುಂದೆ ಮೊತ್ತ ಇಳಿಸಿದರು, ಆದರೂ ಆ ಸಾಲ ಪೀಳಿಗೆಗಳ ಕಾಲ ತೀರಲಿಲ್ಲ.

ಇನ್ನರ್ಧ ಬೇರೆ ಇದೆ. ಒಕ್ಕೂಟ ಬೇಕು ಅಂತ ಓಡಾಡಿದ್ದು ಹೊಸದಾಗಿ ಸ್ವತಂತ್ರವಾದ ದೇಶಗಳ ನಾಯಕರು: ಸೆನೆಗಲ್‌ನ ಸೆಂಗೋರ್, ಟ್ಯುನೀಶಿಯಾದ ಬೂರ್ಗಿಬಾ, ನೈಜರ್‌ನ ಹಮಾನಿ ದಿಯೋರಿ, ಕಾಂಬೋಡಿಯಾದ ಸಿಹಾನೂಕ್. ಎಲ್ಲರೂ ವಸಾಹತು ಆಳ್ವಿಕೆ ಕಂಡವರೇ. ಸೆಂಗೋರ್ ಅಂತೂ ಕವಿ, ವ್ಯಾಕರಣದ ಮೇಷ್ಟ್ರು, 1945ರಲ್ಲಿ ಪ್ಯಾರಿಸ್‌ನ ಸದನಕ್ಕೇ ಆರಿಸಿ ಹೋದವರು. ಆಳಿದವರು ಬಿಟ್ಟುಹೋದ ಭಾಷೆಯನ್ನು ಬಿಸಾಡುವ ಬದಲು ನಮ್ಮ ಕೆಲಸಕ್ಕೆ ಹಚ್ಚೋಣ ಅನ್ನುವುದು ಅವರ ನಿಲುವು. ಒಕ್ಕೂಟದ್ದೇ 2022ರ ಲೆಕ್ಕದಲ್ಲಿ ಫ್ರೆಂಚ್ ಮಾತಾಡುವವರು 32.1 ಕೋಟಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆಫ್ರಿಕಾದಲ್ಲಿ. ಭಾಷೆಯ ಮುಂದಿನ ದಾರಿ ಎಲ್ಲಿ ತೀರ್ಮಾನ ಆಗುತ್ತದೆ ಅಂತ ನೀವೇ ಹೇಳಿ.

ಪ್ರಶ್ನೆ: ಮೂರು ದೇಶ ಹೋದಮೇಲೆ ಸಂಸದರ ನಡುವಿನ ನಂಟಾದರೂ ಉಳಿಯಬಹುದಲ್ಲ?

ಈ ಪ್ರಶ್ನೆ ಕಳಿಸಿದವರು ಒಬ್ಬ ವಿದ್ಯಾರ್ಥಿನಿ. ತುಂಬಾ ಯೋಚನೆ ಮಾಡಿ ಕೇಳಿದ್ದೀರಮ್ಮ.

ಸರ್ಕಾರಗಳು ಮುನಿಸಿಕೊಂಡಾಗ ಸಂಸದರು ಮಾತು ಮುಂದುವರಿಸಬೇಕು, ಅದಕ್ಕೇ ಈ ವ್ಯವಸ್ಥೆ ಇರುವುದು. ಆದರೆ ಇಲ್ಲಿ ಆಗಿದ್ದೇ ಬೇರೆ. ಮಾಲಿಯಲ್ಲಿ 2020ರ ಆಗಸ್ಟ್‌ನಲ್ಲಿ, ಬುರ್ಕಿನಾ ಫಾಸೊದಲ್ಲಿ 2022ರಲ್ಲಿ ಎರಡು ಸಲ, ನೈಜರ್‌ನಲ್ಲಿ 2023ರ ಜುಲೈನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಮೂರೂ ಕಡೆ ಚುನಾಯಿತ ಸಂಸತ್ತು ಹೋಯಿತು. ಬದಲಿಗೆ ನೇಮಕ ಮಾಡಿದ ಮಂಡಳಿಗಳು ಬಂದವು. ಮಾತಾಡೋಣ ಅಂದರೆ ಆ ಕಡೆ ಕೂರಲು ಜನ ಆರಿಸಿದವರೇ ಇಲ್ಲ. ಹೈಟಿಯಲ್ಲಿ ಸೇನೆ ಬರಲಿಲ್ಲ, ಚುನಾವಣೆಯೇ ನಡೆಯಲಿಲ್ಲ. 2023ರ ಜನವರಿಯಲ್ಲಿ ಉಳಿದಿದ್ದ ಕೊನೆಯ ಸೆನೆಟರ್‌ಗಳ ಅವಧಿಯೂ ಮುಗಿಯಿತು.

ದಂಗೆ ಆದರೆ ಸದಸ್ಯತ್ವ ಅಮಾನತು ಅನ್ನುವ ನಿಯಮಕ್ಕೆ ಆಧಾರ 2000ದ ನವೆಂಬರಿನ ಬಮಾಕೊ ಘೋಷಣೆ. ಬಮಾಕೊ ಮಾಲಿಯ ರಾಜಧಾನಿ. ಒಕ್ಕೂಟ ಹುಟ್ಟಿದ್ದು 1970ರ ಮಾರ್ಚ್ 20ರಂದು ನಿಯಾಮೆಯಲ್ಲಿ. ಅದು ನೈಜರ್‌ನ ರಾಜಧಾನಿ. ಆ ದಿನಕ್ಕೆ 55 ವರ್ಷ ತುಂಬಲು ಮೂರು ದಿನ ಇರುವಾಗ ನೈಜರ್ ಹೊರಟಿತು. ಬರೆಯುವಾಗ ನನಗೆ ನಿಜಕ್ಕೂ ಸಂಕಟ ಆಗುತ್ತಿದೆ. ಅಂದು ನಿಯಾಮೆಯಲ್ಲಿ ಎಲ್ಲರನ್ನೂ ಬರಮಾಡಿಕೊಂಡ ದಿಯೋರಿಯನ್ನು ಕೂಡ 1974ರಲ್ಲಿ ಸೇನೆಯೇ ಇಳಿಸಿತ್ತು.

ದಂಗೆಯ ನಂತರ ಈ ಮೂರು ದೇಶಗಳನ್ನು ಅಮಾನತು ಮಾಡಿದ್ದು ತಪ್ಪೇ? ನಾನು ತಪ್ಪು ಅನ್ನುವುದಿಲ್ಲ. ನೇಮಕವಾದವರನ್ನು ಆರಿಸಿ ಬಂದವರ ಪಕ್ಕ ಕೂರಿಸಿದರೆ ಆರಿಸಿ ಬರುವುದಕ್ಕೆ ಅರ್ಥ ಏನು ಉಳಿಯಿತು? ಆದರೆ ಬಾಗಿಲು ಹಾಕಿದ ಮೇಲೆ ಒಳಗಿನ ಸಿಬ್ಬಂದಿ, ಸದನದ ಮಾತು ಬರೆದುಕೊಳ್ಳುವವರು, ಕಡತ ಕಾಯುವವರು, ಕರಡು ತಿದ್ದುವವರು, ಇವರನ್ನು ಕೈಬಿಡಬಾರದು. ನಾಳೆ ಮತ್ತೆ ಚುನಾವಣೆ ಆದರೆ ಮೊದಲ ದಿನ ಸದನ ನಡೆಸಿಕೊಡುವವರು ಅವರೇ. ಮಾಲಿ 2023ರ ಹೊಸ ಸಂವಿಧಾನದಲ್ಲಿ ಫ್ರೆಂಚನ್ನು ಅಧಿಕೃತ ಸ್ಥಾನದಿಂದ ಇಳಿಸಿ 13 ಸ್ಥಳೀಯ ಭಾಷೆಗಳಿಗೆ ಆ ಸ್ಥಾನ ಕೊಟ್ಟಿತು. ಅದು ಸರಿಯಾದ ಕೆಲಸ, ಅದರಲ್ಲಿ ಯಾರೂ ನೋಯಬೇಕಾಗಿಲ್ಲ. ಆದರೂ ಕಚೇರಿ ಕೆಲಸದ ಭಾಷೆಯಾಗಿ ಫ್ರೆಂಚ್ ಅಲ್ಲಿ ಉಳಿದಿದೆ. ಹಾಗಾಗಿ ಪತ್ರ ಬರೆದರೆ ಓದುವವರು ಇದ್ದಾರೆ.

ಗಿನಿಯಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ದಂಗೆಯಾಗಿ ಅಮಾನತಾಯಿತು, 2024ರ ಸೆಪ್ಟೆಂಬರ್‌ನಲ್ಲಿ ಒಕ್ಕೂಟ ಆ ದೇಶವನ್ನು ಮತ್ತೆ ಸೇರಿಸಿಕೊಂಡಿತು. ಆವತ್ತು ಕೂಡ ಅಲ್ಲಿ ಇದ್ದದ್ದು ನೇಮಕದ ಮಂಡಳಿಯೇ. ಜನ ಆರಿಸಿದ ಸದನ ಇನ್ನೂ ಬಂದಿರಲಿಲ್ಲ.