ರಕ್ಷಣೆ ಆದ ತಾರೀಖು ಗೊತ್ತಿಲ್ಲದಿದ್ದರೆ ನಾನು ದೇವರ ಮಗು ಅಲ್ವಾ?

ನಿಮ್ಮ ಪ್ರಶ್ನೆ ಓದಿ ನನ್ನ ಕಾಲೇಜು ದಿನಗಳು ನೆನಪಾದವು. ಹುಟ್ಟಿದಾಗಿನಿಂದ ಚರ್ಚಿಗೆ ಹೋಗುತ್ತಿದ್ದೀರಿ. ದೀಕ್ಷಾಸ್ನಾನ, ದೊಡ್ಡವರಾದ ಮೇಲೆ ನಂಬಿಕೆಯನ್ನು ಸ್ವತಃ ಒಪ್ಪಿಕೊಳ್ಳುವ ದೃಢೀಕರಣ, ಎರಡೂ ಆಗಿವೆ. ಆದರೆ ಪ್ರಾರ್ಥನಾ ಕೂಟದಲ್ಲಿ ಬೇರೆಯವರು ‘ಇಂಥ ದಿನ ರಕ್ಷಣೆ ಹೊಂದಿದೆ’, ಅಂದರೆ ಯೇಸುವನ್ನು ನಂಬಿ ಪಾಪದಿಂದ ಬಿಡುಗಡೆಯಾದೆ, ಅಂತ ಸಾಕ್ಷಿ ಹೇಳುವಾಗ ನಿಮಗೆ ಹೇಳೋಕೆ ತಾರೀಖಿಲ್ಲ. ರಕ್ಷಣೆ ಸಿಕ್ಕಿದೆ ಅನ್ನೋ ನಿಶ್ಚಯ ಇಲ್ಲದವರಿಗೆ ರಕ್ಷಣೆಯೇ ಆಗಿಲ್ಲ ಅಂತ ಯಾರೋ ಬೇರೆ ಹೆದರಿಸಿದ್ದಾರೆ. ಇಷ್ಟೇ ಅಲ್ವಾ?

ನಾನು ತುಮಕೂರಿನವನು, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮನೆಯವನು. ನನಗೂ ತಾರೀಖಿರಲಿಲ್ಲ. ಹಾಗಾಗಿ ಎಲ್ಲಿ ಕೂಟ ನಡೆದರೂ ಹೋಗುತ್ತಿದ್ದೆ. ‘ಯೇಸುವನ್ನು ಒಪ್ಪಿಕೊಳ್ಳುವವರು ಕೈ ಎತ್ತಿ’ ಅಂದಾಗಲೆಲ್ಲ ಎತ್ತುತ್ತಿದ್ದೆ. ಒಂದೇ ವರ್ಷದಲ್ಲಿ ನಾಲ್ಕು ಸಲ! ಎರಡು ದಿನ ಮನಸ್ಸು ಹಗುರ, ಮೂರನೇ ದಿನ ಮತ್ತೆ ಅದೇ ಅನುಮಾನ. ಕೊನೆಗೆ ನಮ್ಮ ಚರ್ಚಿನ ಪಾದ್ರಿ ಅಯ್ಯನವರಿಗೆ ಹೇಳಿಕೊಂಡೆ. ಅವರು ನಕ್ಕುಬಿಟ್ಟರು. ‘ಹೊಸ ಅರ್ಜಿ ಹಾಕ್ತಾನೇ ಇದ್ದೀಯಲ್ಲೋ. ಹಳೇದು ತಿರಸ್ಕಾರ ಆಯ್ತು ಅಂತ ನಿನಗೆ ಯಾರು ಹೇಳಿದ್ದು?’ ಅಂದರು.

ನಮ್ಮಜ್ಜಿಯ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1. ಅದು ಯಾರೋ ಸುಮ್ನೆ ಬರೆಸಿದ್ದು. ಕೇಳಿದರೆ ‘ರಾಗಿ ಕುಯ್ಲಲ್ಲಿ ಹುಟ್ಟಿದ್ದಂತೆ’ ಅನ್ನುತ್ತಿತ್ತು. ಅಜ್ಜಿ ಹುಟ್ಟಿದ್ದೇ ಸುಳ್ಳು ಅಂತ ಯಾರಿಗೂ ಅನಿಸಲಿಲ್ಲ. ಎದುರಿಗೇ ಕೂತು ಬೈತಿತ್ತಲ್ಲ!

ಇನ್ನು ತಾರೀಖು ಇದ್ದವರ ಕಥೆ ಕೇಳಿ. ನಮ್ಮ ತುಮಕೂರು, ಗುಬ್ಬಿ ಕಡೆಗೆ 19ನೇ ಶತಮಾನದಲ್ಲಿ ಬಂದದ್ದು ವೆಸ್ಲಿಯನ್ ಮಿಷನ್. ಆ ಹೆಸರಿಗೆ ಕಾರಣರಾದ ಜಾನ್ ವೆಸ್ಲಿ 1728ರಲ್ಲೇ ಪಾದ್ರಿ ಆಗಿದ್ದರು. ಅಮೆರಿಕದ ಜಾರ್ಜಿಯಾಕ್ಕೆ ಸುವಾರ್ತೆ ಸಾರಲು ಹೋಗಿ ಸೋತು ಬಂದರು. ಆಮೇಲೆ 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಅವರ ಎದೆ ಬೆಚ್ಚಗಾಯಿತು. ಕ್ರಿಸ್ತನು ನನ್ನ ಪಾಪವನ್ನೂ ತೆಗೆದುಹಾಕಿದ ಅನ್ನೋ ನಿಶ್ಚಯ ಸಿಕ್ಕಿತು. ಇಷ್ಟನ್ನು ಪ್ರಸಂಗದಲ್ಲಿ ಬೇಕಾದಷ್ಟು ಸಲ ಕೇಳಿರುತ್ತೀರಿ. ಕೇಳಿರದ ಭಾಗ ಮುಂದಿನದು. 1739ರ ಜನವರಿಯಲ್ಲಿ, ಅಂದರೆ ಎಂಟು ತಿಂಗಳೂ ತುಂಬಿರಲಿಲ್ಲ, ‘ನಾನು ಈಗಲೂ ಕ್ರೈಸ್ತನಲ್ಲ’ ಅಂತ ದಿನಚರಿಯಲ್ಲಿ ಬರೆದುಕೊಂಡರು. ನಿಶ್ಚಯ ಇಲ್ಲದವನಿಗೆ ರಕ್ಷಣೆ ಇಲ್ಲ ಅಂತ ಮೊದಮೊದಲು ಅವರೂ ಸಾರುತ್ತಿದ್ದರು. ವಯಸ್ಸಾದ ಮೇಲೆ ಆ ಪಟ್ಟು ಸಡಿಲಿಸಿದರು. ನಿಮ್ಮನ್ನು ಹೆದರಿಸಿದವರಿಗೆ ಇದನ್ನೂ ಹೇಳಿ.

ಬೈಬಲಿನಲ್ಲಿ ನನಗೆ ಜಾಸ್ತಿ ಆಸರೆಯಾದದ್ದು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯ. ಅಲ್ಲಿ ಪೌಲ ದತ್ತು ತಗೊಂಡ ಮಕ್ಕಳ ಮಾತಾಡುತ್ತಾನೆ. ದತ್ತು ಕೂಸು ತಾನಾಗಿ ಏನೂ ಮಾಡಿರಲ್ಲ. ಮನೆಗೆ ಕರೆತಂದವರ ಮಾತಿನ ಮೇಲೆ ಅದರ ಹೆಸರು ನಿಂತಿರುತ್ತೆ. ಅದು ಒಂದು ದಿನ ಮುನಿಸಿಕೊಂಡರೆ, ಜ್ವರ ಬಂದು ಮಲಗಿದರೆ ಹೆಸರು ಹೋಗುತ್ತಾ? ನಾನು ಮಾತ್ರ ಇಷ್ಟು ದಿನ ನನ್ನ ಎದೆಯ ಬಿಸಿಯನ್ನೇ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಹಾಗಂತ ಹೇಗಾದರೂ ಬದುಕಬಹುದು ಅಂತಲ್ಲ. ಯೋಹಾನನ ಮೊದಲ ಪತ್ರಿಕೆ ಬೇರೆ ಗುರುತು ಕೊಡುತ್ತೆ: ಸಹೋದರರನ್ನು ಪ್ರೀತಿಸುತ್ತೀಯಾ? ನಿಜ ಹೇಳಬೇಕೆಂದರೆ ಈ ಪ್ರಶ್ನೆ ತಾರೀಖಿನ ಪ್ರಶ್ನೆಗಿಂತ ಕಷ್ಟದ್ದು. ಆಗ ನಾನು ಚಿಕ್ಕಪ್ಪನ ಜೊತೆ ಮಾತು ಬಿಟ್ಟು ಎರಡು ವರ್ಷ ಆಗಿತ್ತು. ಅದರ ಬಗ್ಗೆ ಒಂದು ರಾತ್ರಿಯೂ ನಿದ್ದೆಗೆಟ್ಟಿರಲಿಲ್ಲ ನೋಡಿ.

ಒಂದು ತಪ್ಪು ನೀವು ಮಾಡಬೇಡಿ. ನಿಶ್ಚಯ ಸಿಗುವವರೆಗೆ ಯೋಗ್ಯನಲ್ಲ ಅಂತ ನಾನು ಕರ್ತನ ಭೋಜನಕ್ಕೆ, ಅಂದರೆ ಚರ್ಚಿನಲ್ಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋದಕ್ಕೆ, ಹೋಗುವುದನ್ನೇ ಬಿಟ್ಟಿದ್ದೆ. ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದೆ. ಒಂದು ಭಾನುವಾರ ಅಜ್ಜಿ ಸಾಲಿನಲ್ಲಿ ಹೋಗುತ್ತಾ ನನ್ನ ಪಕ್ಕ ನಿಂತುಬಿಟ್ಟಿತು. ಅದಕ್ಕೆ ಕಿವಿ ಮಂದ, ಪಿಸುಮಾತು ಬರಲ್ಲ. ‘ಊಟಕ್ಕೆ ಕರೆದಿರೋನು ಅವನು, ನಿಂದೇನೋ ಮಧ್ಯದಲ್ಲಿ? ಏಳು’ ಅಂತು. ಇಡೀ ಚರ್ಚಿಗೆ ಕೇಳಿಸಿತು. ಎದ್ದು ಅಜ್ಜಿಯ ಹಿಂದೆ ಹೋದೆ.