ಲೋಟ ಅವರೇ ಎತ್ತಲಿ ಬಿಡಿ

ಓದುಗರ ಪತ್ರ: "ಸಂಪಾದಕರೇ, ನಮ್ಮ ತಂದೆಗೆ 64 ವರ್ಷ. ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಯಿತು. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಈಗ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಾಕುತ್ತಾರೆ. ಬೆರಳು ಸ್ವಲ್ಪ ಆಡುತ್ತದೆ. ಮಾತು ತಡವರಿಸುತ್ತದೆ. ಅಮ್ಮ ಅವರಿಗೆ ಒಂದು ಲೋಟ ಎತ್ತಲೂ ಬಿಡುವುದಿಲ್ಲ, ಅಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಸ್ಟ್ರೋಕ್ ಆದವರು ತಮ್ಮ ಕೆಲಸ ತಾವೇ ಮಾಡಿಕೊಳ್ಳಬೇಕು ಎಂದು ಕಳೆದ ಸಂಚಿಕೆಯಲ್ಲಿ ನೀವು ಬರೆದದ್ದನ್ನು ಓದಿ ಅಮ್ಮ ಅತ್ತುಬಿಟ್ಟರು. ಜೀವನವಿಡೀ ದುಡಿದವರನ್ನು ಈಗಲಾದರೂ ಸುಮ್ಮನೆ ಬಿಡಬಾರದೇ? ಆರು ತಿಂಗಳಾದ ಮೇಲೆ ಬಂದಷ್ಟೇ ಬಂತು ಎಂದು ಎಲ್ಲರೂ ಹೇಳುತ್ತಾರೆ. ಮಾತ್ರೆ ತಪ್ಪದೆ ಕೊಡುತ್ತಿದ್ದೇವೆ. ಆಫೀಸಿನಲ್ಲಿ ಕೂತು ಬರೆಯುವುದು ಸುಲಭ." (ಹೆಸರು ಹಾಕಬೇಡಿ ಎಂದಿದ್ದಾರೆ.)

ಸಂಪಾದಕರ ಉತ್ತರ:

ತಾಯಿ, ಆಫೀಸಿನಲ್ಲಿ ಕೂತು ಬರೆಯುವುದು ಸುಲಭವೇ. ಒಪ್ಪಿದೆ. ಹೊಗಳಿ ಬರೆದ ಹತ್ತು ಪತ್ರಗಳನ್ನು ಪಕ್ಕಕ್ಕಿಟ್ಟು ಈ ಪತ್ರವನ್ನೇ ಎತ್ತಿಕೊಂಡಿದ್ದೇನೆ. ಯಾಕೆಂದರೆ ನೀವು ಬರೆದದ್ದನ್ನು ಸಾವಿರ ಮನೆಗಳಲ್ಲಿ ಜನ ಮನಸ್ಸಿನಲ್ಲೇ ಅಂದುಕೊಳ್ಳುತ್ತಿರುತ್ತಾರೆ.

ಮೊದಲು ನಿಮ್ಮ ಪಾಲಿನ ನ್ಯಾಯ. ಸ್ಟ್ರೋಕ್ ಆದವರಿಗೆ ವಿಶ್ರಾಂತಿ ಬೇಕು, ನಿಜ. ಆಮೇಲೆ ಕಾಡುವ ಸುಸ್ತು ಸೋಮಾರಿತನ ಅಲ್ಲ. ಅದು ಕಾಯಿಲೆಯದೇ ಒಂದು ಭಾಗ. ಅವಸರ ಮಾಡಿದರೂ ಕೆಡುತ್ತದೆ. ಅವರ್ಟ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ 2015ರಲ್ಲಿ ಬಂತು. ಸ್ಟ್ರೋಕ್ ಆದ 24 ಗಂಟೆಯೊಳಗೇ ಎಬ್ಬಿಸಿ, ಮತ್ತೆ ಮತ್ತೆ ಹೆಚ್ಚು ಹೊತ್ತು ಓಡಾಡಿಸಿದ ರೋಗಿಗಳು ಮೂರು ತಿಂಗಳ ನಂತರ ಉಳಿದವರಿಗಿಂತ ಹಿಂದೆಯೇ ಇದ್ದರು. ಹಾಗಾಗಿ ಮೊದಲ ದಿನದಿಂದಲೇ ದುಡಿಸಿ ಎಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ತಂದೆಯವರಿಗೆ ಈಗ ಎಂಟು ತಿಂಗಳು, ಅಲ್ವಾ?

ಆರು ತಿಂಗಳ ಗಡುವಿನ ಮಾತು ನೋಡೋಣ. ಚೇತರಿಕೆ ಮೊದಲ ಮೂರು ತಿಂಗಳಲ್ಲಿ ಜೋರಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ. ಇದನ್ನೇ ಜನ "ಬಾಗಿಲು ಮುಚ್ಚಿತು" ಎಂದು ತಿರುಚಿಕೊಂಡಿದ್ದಾರೆ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಎಕ್ಸೈಟ್ ಎಂಬ ಪ್ರಯೋಗಕ್ಕೆ 222 ಜನರನ್ನು ಸೇರಿಸಿಕೊಂಡಿದ್ದರು. ಎಲ್ಲರಿಗೂ ಸ್ಟ್ರೋಕ್ ಆಗಿ ಮೂರರಿಂದ ಒಂಬತ್ತು ತಿಂಗಳಾಗಿತ್ತು. ಅಂದರೆ ನಿಮ್ಮ ತಂದೆಯವರ ಸಾಲಿನವರೇ. ಮಣಿಕಟ್ಟು, ಬೆರಳು ಕೊಂಚವಾದರೂ ಆಡುತ್ತಿದ್ದವರು. ಅವರಲ್ಲಿ ಒಂದು ಗುಂಪಿನವರ ಚೆನ್ನಾಗಿದ್ದ ಕೈಗೆ ದಪ್ಪ ಕೈಗವಸು ತೊಡಿಸಿ, ಎರಡು ವಾರ ಎಚ್ಚರವಿದ್ದಷ್ಟು ಹೊತ್ತೂ ಸೋತ ಕೈಯಲ್ಲೇ ಕೆಲಸ ಮಾಡಿಸಿದರು. ಜೊತೆಗೆ ತರಬೇತಿ ಪಡೆದವರಿಂದ ದಿನಾ ಗಂಟೆಗಟ್ಟಲೆ ಅಭ್ಯಾಸ. ಅವರ ಕೈ ಮಾಮೂಲಿ ಆರೈಕೆ ಪಡೆದವರ ಕೈಗಿಂತ ಚೆನ್ನಾಗಿ ಸುಧಾರಿಸಿತು. ಒಂದು ವರ್ಷದ ನಂತರ ನೋಡಿದಾಗಲೂ ಆ ಲಾಭ ಉಳಿದಿತ್ತು.

ಇದರ ಹಿಂದೆ ಎಡ್ವರ್ಡ್ ಟಾಬ್ ಎಂಬ ವಿಜ್ಞಾನಿಯ ವಿಚಾರವಿದೆ. ಸೋತ ಕೈಯಲ್ಲಿ ನಾಲ್ಕು ಸಲ ಪ್ರಯತ್ನಿಸಿ, ನಾಲ್ಕೂ ಸಲ ಬೀಳಿಸಿದ ಮೇಲೆ ಮನುಷ್ಯ ಆ ಕೈಯನ್ನು ಮರೆತೇಬಿಡುತ್ತಾನೆ. ಆಮೇಲೆ ಕೈಗೆ ಒಂದಿಷ್ಟು ಶಕ್ತಿ ವಾಪಸ್ ಬಂದರೂ ಅದನ್ನು ಬಳಸುವುದಿಲ್ಲ. ಬಳಸದೇ ಇರುವುದನ್ನು ಅವನು ಕಲಿತುಬಿಟ್ಟಿರುತ್ತಾನೆ. ಈಗ ಹೇಳಿ, ಎಂಟು ತಿಂಗಳಿಂದ ಲೋಟ ತಾನಾಗಿಯೇ ಬಾಯಿಗೆ ಬರುತ್ತಿದ್ದರೆ ಬಲಗೈ ಏನು ಕಲಿತಿರುತ್ತದೆ? (ಹಾಗಂತ ನಾಳೆಯೇ ಎಡಗೈಗೆ ಬಟ್ಟೆ ಸುತ್ತಬೇಡಿ. ಬೀಳುವ ಭಯವಿದೆ. ಇದು ಫಿಸಿಯೋಥೆರಪಿಸ್ಟ್ ನೋಡಿ ತೀರ್ಮಾನಿಸಬೇಕಾದ ವಿಷಯ.)

ನಮ್ಮ ಪತ್ರಿಕೆಗೆ ಹಿಂದೆ ಕರಡು ತಿದ್ದಿಕೊಡುತ್ತಿದ್ದ ಹಿರಿಯರೊಬ್ಬರಿದ್ದರು. ಅವರಿಗೂ ಸಕ್ಕರೆ ಕಾಯಿಲೆ, ಅವರಿಗೂ ಸ್ಟ್ರೋಕ್. ಒಮ್ಮೆ ಬೆಳಿಗ್ಗೆ ಅವರ ಮನೆಗೆ ಹೋದಾಗ ಅಂಗಿ ಹಾಕಿಕೊಳ್ಳುತ್ತಿದ್ದರು. ಸೋತ ಎಡಗೈ ಮೊದಲು ತೋಳಿಗೆ, ಆಮೇಲೆ ಬಲಗೈ. ಮೊದಲಿನ ಎರಡು ಗುಂಡಿ ಬಲಗೈ ಒಂದರಲ್ಲೇ ಹಾಕಿದರು. ಮೂರನೆಯದಕ್ಕೆ ಎಡಗೈ ಹೆಬ್ಬೆರಳು, ತೋರುಬೆರಳಿನ ನಡುವೆ ಅಂಗಿಯ ಅಂಚನ್ನು ಸಿಕ್ಕಿಸಿ ಹಿಡಿಯಬೇಕು. ಅಂಚು ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ನಾಲಿಗೆ ಹಲ್ಲಿನ ನಡುವೆ ಸಿಕ್ಕಿಕೊಂಡಿತ್ತು, ಹಣೆಯಲ್ಲಿ ಬೆವರು. ಅವರ ಹೆಂಡತಿ ಬಾಗಿಲ ಹತ್ತಿರ ನಿಂತು, ತಮ್ಮ ಬಲಗೈಯನ್ನು ತಾವೇ ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಎಲ್ಲಿ ಮುಂದೆ ಹೋಗಿಬಿಡುತ್ತದೋ ಎಂಬಂತೆ. ಗುಂಡಿ ತೂರಿತು. "ಇವತ್ತು ಬೇಗ ಆಯ್ತು" ಅಂದರು ಆಕೆ. ಗಂಡನ ಬಾಯಿಗೆ ತುತ್ತಿಡುವುದಕ್ಕಿಂತ ಹಾಗೆ ನಿಂತುಕೊಳ್ಳುವುದಕ್ಕೆ ಜಾಸ್ತಿ ಗಟ್ಟಿತನ ಬೇಕು ಎಂದು ನನಗೆ ಆವತ್ತು ಅನ್ನಿಸಿತು. ನಿಮ್ಮ ತಾಯಿಯವರಿಗೆ ಆ ಗಟ್ಟಿತನ ಇಲ್ಲ ಎಂದು ನಾನು ನಂಬುವುದಿಲ್ಲ. ಎಂಟು ತಿಂಗಳು ಹಗಲು ರಾತ್ರಿ ನೋಡಿಕೊಂಡವರು ಅವರು.

ಪೆಡ್ರೊ ಬಾಕ್-ಇ-ರೀಟಾ ಎಂಬ ಮೇಷ್ಟ್ರ ಕಥೆ ಗೊತ್ತಾ? ನ್ಯೂಯಾರ್ಕಿನಲ್ಲಿ ಪಾಠ ಮಾಡುತ್ತಿದ್ದವರು. ನಿಮ್ಮ ತಂದೆಯವರಷ್ಟೇ ವಯಸ್ಸು, ಅರವತ್ತರ ಮಧ್ಯದಲ್ಲಿ ದೊಡ್ಡ ಸ್ಟ್ರೋಕ್ ಆಯಿತು. ನಡಿಗೆ, ಮಾತು ಎರಡೂ ಹೋದವು. ಇನ್ನೂ ವೈದ್ಯಕೀಯ ಓದುತ್ತಿದ್ದ ಮಗ ಜಾರ್ಜ್‌ಗೆ ಪುನಶ್ಚೇತನದ ನಿಯಮಗಳೇನೂ ಗೊತ್ತಿರಲಿಲ್ಲ. ಮಗು ಕಲಿಯುವ ಕ್ರಮದಲ್ಲೇ ಕಲಿಸೋಣ ಎಂದು ತಂದೆಯನ್ನು ತೆವಳಿಸಿದ. ಪ್ರಾಧ್ಯಾಪಕರನ್ನು ಹೀಗೆ ನೆಲದ ಮೇಲೆ ತೆವಳಿಸುವುದಾ ಎಂದು ಅಕ್ಕಪಕ್ಕದವರು ಬೈದರು. ಪಾತ್ರೆ ತೊಳೆಯುವ ಕೆಲಸವನ್ನೂ ಸೋತ ಕೈಗೇ ಕೊಟ್ಟ. ಆ ಮೇಷ್ಟ್ರು ಮತ್ತೆ ಪಾಠ ಮಾಡಿದರು. ಕೆಲವು ವರ್ಷಗಳ ನಂತರ ಬೆಟ್ಟ ಹತ್ತುವಾಗ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರ ಮಿದುಳನ್ನು ಪರೀಕ್ಷಿಸಿದವರಿಗೆ ಆಶ್ಚರ್ಯ. ಸ್ಟ್ರೋಕ್ ಮಾಡಿದ ಹಾನಿ ಹಾಗೇ ಇತ್ತು. ಸತ್ತ ಭಾಗ ಬದುಕಿರಲಿಲ್ಲ, ಅದರ ಕೆಲಸವನ್ನು ಬೇರೆ ಭಾಗಗಳು ವಹಿಸಿಕೊಂಡಿದ್ದವು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಯಾರೂ ಮಾತು ಕೊಡಲಾರರು. ಆದರೆ ಬೈದ ಅಕ್ಕಪಕ್ಕದವರ ಮಾತು ಕೇಳಿದ್ದರೆ ಅವರಿಗೆ ಖಂಡಿತಾ ಆಗುತ್ತಿರಲಿಲ್ಲ.

ಇನ್ನು ಸಕ್ಕರೆ. ನಿಮ್ಮ ಪತ್ರದಲ್ಲಿ ಅದು ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಎರಡೂ ಬೇರೆ ಬೇರೆ ಕಾಯಿಲೆ, ಒಂದಕ್ಕೆ ಮಾತ್ರೆ, ಇನ್ನೊಂದಕ್ಕೆ ಆರೈಕೆ ಎಂಬ ಲೆಕ್ಕ ನಿಮ್ಮದು. ಮೈಯೊಳಗಿನ ಸಕ್ಕರೆಗೆ ದೊಡ್ಡ ಗಿರಾಕಿ ಸ್ನಾಯು. ಕೆಲಸ ಮಾಡುವ ಸ್ನಾಯು ಇನ್ಸುಲಿನ್ ಕಡಿಮೆ ಇದ್ದರೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಅರ್ಧ ಮೈ ಸೋತಿದೆ, ಉಳಿದರ್ಧವನ್ನು ಪ್ರೀತಿಯಿಂದ ಕೂರಿಸಿದ್ದೀರಿ. ಸ್ನಾಯು ಕರಗುತ್ತದೆ, ಶುಗರ್ ಏರುತ್ತದೆ, ಮಾತ್ರೆ ಜಾಸ್ತಿಯಾಗುತ್ತದೆ. ಊಟವಾದ ಮೇಲೆ ಹತ್ತು ನಿಮಿಷ ಹಿಡಿದುಕೊಂಡು ನಡೆದರೂ, ಕುರ್ಚಿಯಿಂದ ಎದ್ದು ಕೂತು ಎದ್ದು ಕೂತು ಮಾಡಿದರೂ ಅದು ಲೆಕ್ಕಕ್ಕೆ ಬರುತ್ತದೆ. ಅರ್ಧ ಗಂಟೆಗೊಮ್ಮೆ ಕೂತಲ್ಲಿಂದ ಏಳಿಸಿ.

2002ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 3,234 ಜನ. ತೂಕ ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಕಾಯಿಲೆ ಬರುವುದು 58 ಶೇಕಡಾ ತಗ್ಗಿತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ 31. ಕಾಯಿಲೆ ಆಗಲೇ ಬಂದವರ ಮೇಲೆ ನಡೆದ ಲುಕ್ ಅಹೆಡ್ ಅಧ್ಯಯನದಲ್ಲಿ ಇದೇ ದಾರಿ ಹಿಡಿದರೂ ಹೃದಯಾಘಾತ, ಸ್ಟ್ರೋಕ್ ತಗ್ಗಲಿಲ್ಲ. ಅದನ್ನೂ ಹೇಳಬೇಕು. ಆದರೆ ಆ ಜನರ ಓಡಾಟದ ಶಕ್ತಿ ಚೆನ್ನಾಗಿ ಉಳಿಯಿತು, ಮಾತ್ರೆ ಕಡಿಮೆಯಾಯಿತು. ನಮಗೆ ಬೇಕಾದ್ದು ಅದೇ ತಾನೇ? ಹಾಗಂತ ಮಾತ್ರೆ ಬಿಡಿಸಿ ಅಂತಲ್ಲ. ಬಿಪಿ ಮಾತ್ರೆಯನ್ನಂತೂ ಒಂದು ದಿನವೂ ಬಿಡಬೇಡಿ. 1998ರಲ್ಲಿ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ ತೋರಿಸಿಕೊಟ್ಟಿದೆ: ಸಕ್ಕರೆ ಕಾಯಿಲೆಯವರಲ್ಲಿ ಬಿಪಿಯನ್ನು ಬಿಗಿಯಾಗಿ ಹಿಡಿದಾಗ ಸ್ಟ್ರೋಕ್ 44 ಶೇಕಡಾ ಕಡಿಮೆಯಾಯಿತು.

ಎರಡೂ ಕಾಯಿಲೆ ಒಟ್ಟಿಗಿರುವ ಮನೆಯಲ್ಲಿ ಕೆಲವು ವಿಷಯಕ್ಕೆ ಕಣ್ಣು ತೆರೆದಿರಬೇಕು. ಶುಗರ್ ತೀರಾ ಇಳಿದರೆ ಮಾತು ತೊದಲುತ್ತದೆ, ಕೈ ಸೋಲುತ್ತದೆ. ನೋಡುವವರಿಗೆ ಇನ್ನೊಂದು ಸ್ಟ್ರೋಕ್ ಥರವೇ ಕಾಣುತ್ತದೆ. ಮನೆಯಲ್ಲಿ ಶುಗರ್ ನೋಡುವ ಯಂತ್ರವಿದ್ದರೆ ತಕ್ಷಣ ನೋಡಿ. ಆದರೆ ಅದಕ್ಕೆಂದು ಆಸ್ಪತ್ರೆಗೆ ಹೊರಡುವುದನ್ನು ತಡ ಮಾಡಬೇಡಿ. ಓಡಾಟ ಹೆಚ್ಚಿಸುವ ಮುಂಚೆ ಇನ್ಸುಲಿನ್ ಅಥವಾ ಮಾತ್ರೆಯ ಪ್ರಮಾಣವನ್ನು ಡಾಕ್ಟರ ಹತ್ತಿರ ಮಾತಾಡಿ. ಸಕ್ಕರೆಯಿಂದ ನರ ಮಂಕಾಗಿ ಪಾದಕ್ಕೆ ನೋವೇ ಗೊತ್ತಾಗದಿರಬಹುದು. ದಿನಾ ರಾತ್ರಿ ಅಂಗಾಲು, ಬೆರಳ ಸಂದು ನೋಡಿ, ಬಿಸಿನೀರಿನ ಚೀಲ ಇಡಲೇಬೇಡಿ. ಏಳಿಸುವಾಗ ಸೋತ ತೋಳು ಹಿಡಿದು ಎಳೆಯಬೇಡಿ, ಭುಜದ ಕೀಲು ಜಾರುತ್ತದೆ. ಇನ್ನು ಡಾಕ್ಟರು ಪ್ರಶ್ನೆ ಕೇಳಿದಾಗ ಅಮ್ಮ ಉತ್ತರ ಕೊಡುತ್ತಾರಾ? ಕೊಡುತ್ತಾರೆ ಎಂದು ಪಂಥ ಕಟ್ಟುತ್ತೇನೆ. ಒಂದು ನಿಮಿಷ ಕಾಯಲಿ. ಆ ತಡವರಿಸುವ ಮಾತಿಗೂ ಅಭ್ಯಾಸ ಬೇಕು. ಸ್ವೀಡನ್ನಿನ ಕವಿ ತ್ರಾನ್‌ಸ್ಟ್ರೋಮರ್‌ಗೆ 1990ರಲ್ಲಿ ಸ್ಟ್ರೋಕ್ ಆಗಿ ಮಾತು, ಬಲಗೈ ಎರಡೂ ಹೋದವು. ಎಡಗೈಯಲ್ಲೇ ಪಿಯಾನೊ ನುಡಿಸುತ್ತಿದ್ದರು, ಕವಿತೆ ನಿಲ್ಲಲಿಲ್ಲ, 2011ರಲ್ಲಿ ನೊಬೆಲ್ ಬಂತು. ಲೂಯಿ ಪಾಶ್ಚರ್‌ಗೆ 1868ರಲ್ಲಿ ಎಡಭಾಗ ಸೋತಿತ್ತು. ಹುಚ್ಚುನಾಯಿ ಕಡಿತಕ್ಕೆ ಅವರು ಲಸಿಕೆ ಕೊಟ್ಟದ್ದು 1885ರಲ್ಲಿ. ಅವರ ಮನೆಯವರೂ ಲೋಟ ಎತ್ತಲು ಬಿಡದೆ ಕೂರಿಸಿದ್ದರೆ?

ಇಷ್ಟು ಹೊತ್ತು ನಿಮ್ಮನ್ನೇ ಬೈದೆ. ಬೈಸಿಕೊಳ್ಳಬೇಕಾದವರು ಬೇರೆಯವರಿದ್ದಾರೆ. ಆಸ್ಪತ್ರೆಯಿಂದ ಕಳಿಸುವಾಗ ಕೊಡುವ ಚೀಟಿ ತೆಗೆದು ನೋಡಿ. ಮಾತ್ರೆಗೆ ಹತ್ತು ಸಾಲು: ಬೆಳಿಗ್ಗೆ, ರಾತ್ರಿ, ಊಟಕ್ಕೆ ಮುಂಚೆ, ಆಮೇಲೆ. ಕೊನೆಯಲ್ಲಿ ಒಂದು ಸಾಲು: ಫಿಸಿಯೋಥೆರಪಿ ಮುಂದುವರಿಸಿ. ಯಾರ ಹತ್ತಿರ, ಎಷ್ಟು ಹೊತ್ತು, ಯಾವ ಕೆಲಸಕ್ಕೆ, ಒಂದೂ ಇಲ್ಲ. ಮಾತ್ರೆಯನ್ನು ಹೀಗೆ "ಯಾವುದಾದರೂ ಒಂದು ತಗೊಳ್ಳಿ" ಎಂದು ಬರೆದುಕೊಟ್ಟರೆ ಸುಮ್ಮನಿರುತ್ತೇವಾ? ಇನ್ನು ಕೆಲವರು ಮನೆಯವರಿಗೇ ಕಲಿಸಿಬಿಟ್ಟರೆ ಸಾಕು ಅನ್ನುತ್ತಾರೆ. ಭಾರತದ 14 ಆಸ್ಪತ್ರೆಗಳಲ್ಲಿ 1,250 ಜನರ ಮೇಲೆ ಅದನ್ನೂ ಮಾಡಿ ನೋಡಿದರು. ಅಟೆಂಡ್ ಎಂಬ ಆ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಮನೆಯವರಿಗೆ ಕಲಿಸಿ ಕಳಿಸಿದ ರೋಗಿಗಳಿಗೂ ಮಾಮೂಲಿ ಆರೈಕೆಯವರಿಗೂ ಆರು ತಿಂಗಳ ನಂತರ ವ್ಯತ್ಯಾಸವಿರಲಿಲ್ಲ. ಹೆಂಡತಿ, ಮಕ್ಕಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಆಗುವುದಿಲ್ಲ ಎಂದು ನಾನು ಅದರಿಂದ ಅರ್ಥ ಮಾಡಿಕೊಂಡಿದ್ದೇನೆ. ನುರಿತ ಥೆರಪಿಸ್ಟ್ ಬೇಕು, ಮತ್ತೆ ಮತ್ತೆ ಬೇಕು. ಮನೆಯವರು ಅವರ ಜೊತೆಗಿರಬೇಕು, ಅವರ ಬದಲಿಗಲ್ಲ.

ನಮ್ಮ ಪತ್ರಿಕೆಯವರೂ ಸಾಚಾಗಳಲ್ಲ ಬಿಡಿ. ಲಕ್ವಕ್ಕೆ ರಾಮಬಾಣ ತೈಲ ಎಂದು ಜಾಹೀರಾತು ಹಿಡಿದುಕೊಂಡು ತಿಂಗಳಿಗೊಬ್ಬರು ಬರುತ್ತಾರೆ. ಅವರನ್ನು ವಾಪಸ್ ಕಳಿಸಿದಾಗಲೆಲ್ಲ ನಮ್ಮ ಜಾಹೀರಾತು ವಿಭಾಗದವರು ಮುಖ ಊದಿಸಿಕೊಳ್ಳುತ್ತಾರೆ. ಓದುಗರಾದರೂ ಏನು ಕೇಳುತ್ತಾರೆ? ಸಕ್ಕರೆ ಕಾಯಿಲೆಗೆ ಯಾವ ಹಣ್ಣು ತಿನ್ನಬಹುದು, ಯಾವ ಎಣ್ಣೆ ತಿಕ್ಕಬಹುದು. ಮೆಟ್ಟಿಲು ಹತ್ತುವುದು ಹೇಗೆ, ಹಾಸಿಗೆಯಿಂದ ಒಬ್ಬರೇ ಏಳುವುದು ಹೇಗೆ ಎಂದು ಕೇಳಿ ಬಂದ ಪತ್ರ ನನಗೆ ನೆನಪಿಲ್ಲ. ಕಟ್ಟಡ ಕಟ್ಟುವವರೂ ಅಷ್ಟೇ. ಮೆಟ್ಟಿಲಿಗೆ ಒಂದೇ ಕಡೆ ಹಿಡಿಕೆ. ಹತ್ತುವಾಗ ಎಡಗೈಗೆ ಸಿಕ್ಕಿದ್ದು ಇಳಿಯುವಾಗ ಬಲಗೈ ಕಡೆಗೆ ಹೋಗಿರುತ್ತದೆ. ಬಲಗೈ ಸೋತವರು ಇಳಿಯುವುದು ಹೇಗೆ?

ನಿಮ್ಮ ತಾಯಿಯವರಿಗೆ ಇಷ್ಟು ಹೇಳಿ: ಎಲ್ಲವನ್ನೂ ಒಟ್ಟಿಗೆ ಬಿಟ್ಟುಕೊಡಬೇಕಾಗಿಲ್ಲ. ಮೊದಲು ಲೋಟ. ನುಂಗುವುದಕ್ಕೆ ತೊಂದರೆಯಿಲ್ಲ ಎಂದು ಡಾಕ್ಟರು ನೋಡಿ ಹೇಳಿದ ಮೇಲೆ, ಹಗುರವಾದ, ಅಗಲ ತಳದ ಲೋಟ, ಅರ್ಧಕ್ಕಿಂತ ಕಡಿಮೆ ನೀರು, ಸೋತ ಕೈಗೆ ಎಡಗೈಯ ಆಸರೆ. ನೀರು ಚೆಲ್ಲುತ್ತದೆ, ಒರೆಸಿದರಾಯಿತು. ಆಮೇಲೆ ಬಾಚಣಿಗೆ, ಆಮೇಲೆ ಅಂಗಿ. ಸ್ನಾನದ ಮನೆಗೆ ಹಿಡಿಕೆ ಹಾಕಿಸುವವರೆಗೆ ಅಲ್ಲಿ ಒಬ್ಬರನ್ನೇ ಬಿಡಬೇಡಿ. ತಂದೆಯವರು ಸದಾ ಮಂಕಾಗಿದ್ದರೆ, ಯಾವುದೂ ಬೇಡ ಎನ್ನುತ್ತಿದ್ದರೆ ಡಾಕ್ಟರಿಗೆ ಹೇಳಿ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅದಕ್ಕೂ ಚಿಕಿತ್ಸೆಯಿದೆ.

ಕೊನೆಗೆ ನಾನೊಂದು ಕೇಳುತ್ತೇನೆ. ಅಮ್ಮನ ಬಿಪಿ ನೋಡಿಸಿ ಎಷ್ಟು ದಿನವಾಯಿತು? ಎರಡು ಪುಟದ ಪತ್ರದಲ್ಲಿ ಅವರ ಆರೋಗ್ಯದ ಬಗ್ಗೆ ಒಂದು ಅಕ್ಷರವಿಲ್ಲ. ಸ್ಟ್ರೋಕ್ ತರುವ ಕಾರಣಗಳಲ್ಲಿ ಬಿಪಿಯೇ ಎಲ್ಲಕ್ಕಿಂತ ದೊಡ್ಡದು, ಅದು ಹೇಳಿ ಕೇಳಿ ಬರುವುದಿಲ್ಲ. ಮುಂದಿನ ಸಲ ಅಪ್ಪನನ್ನು ತೋರಿಸಲು ಹೋದಾಗ ಅವರದೂ ಬಿಪಿ, ಶುಗರ್ ನೋಡಿಸಿಕೊಂಡು ಬನ್ನಿ.